ಹಾಡಿನ ಡಬ್ಬಿಯಲ್ಲಿ ಅಕ್ಕನ ಸೀಟು

ಈ ಸಲದ ಚಳಿಗೆ ಮಧುಗಿರಿಯಲ್ಲಿ ಯಾರ ಮನೆಯಲ್ಲೂ ಮೊಸರು ನೆಟ್ಟಗೆ ಹೆಪ್ಪಾಗುತ್ತಿಲ್ಲ. ಮೊನ್ನೆ ಬೆಳಿಗ್ಗೆ ಎದ್ದು ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಕೂತಿತ್ತು. ಆಗ ನೆನಪಾಗಿ ಅಟ್ಟದ ಮೇಲಿಂದ ಒಂದು ಕಪ್ಪು ಡಬ್ಬಿ ಇಳಿಸಿ, ಒರೆಸಿ, ಪ್ಲಗ್ಗಿಗೆ ಸಿಕ್ಕಿಸಿ, ಅದರ ನೆತ್ತಿಯ ಮೇಲೆ ಪಾತ್ರೆ ಇಟ್ಟೆ. ಸ್ವಲ್ಪ ಹೊತ್ತಿಗೆ ಡಬ್ಬಿ ಬೆಚ್ಚಗಾಗಿ ಅದರ ಸಂದಿಗಳಿಂದ ಕಾದ ಧೂಳಿನ ವಾಸನೆ ಬಂತು. ಬಸ್ಸಿನ ಬಾನೆಟ್ಟಿನ ಪಕ್ಕ ಕೂತರೆ ಬರುತ್ತದಲ್ಲ, ಅಂಥದೇ ವಾಸನೆ. ಪಕ್ಕದ ಮನೆಯ ಭಾವನವರು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ ಹಾಗಾಯಿತು...

ನಿಜವಾಗಿ ನಿಂತಿದ್ದರೆ ಮೊದಲು ಬೈಯುತ್ತಿದ್ದರು. ಅದು ಮೊಸರು ಮಾಡುವ ಡಬ್ಬಿಯಲ್ಲ, ಹಾಡು ಕೇಳುವ ಡಬ್ಬಿ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ ಶಕ್ತಿ ತುಂಬುವ ಆಂಪ್ಲಿಫೈಯರು. ಮೇಜಿನ ಮೇಲೆ ಇಡುವಂಥದು, ಊಟದ ಕ್ಯಾರಿಯರಿನ ಒಂದು ಬಟ್ಟಲಿನಷ್ಟು ದೊಡ್ಡದು.

ಭಾವನವರು ನಮಗೆ ರಕ್ತಸಂಬಂಧವಲ್ಲ. ಮದುವೆಯಾಗಿ ಈ ಬೀದಿಗೆ ಬಂದ ದಿನದಿಂದ ಪಕ್ಕದ ಮನೆಯಾಕೆಯನ್ನು ಅಕ್ಕ ಎಂದೆ, ಅಕ್ಕನ ಗಂಡ ಭಾವ ಆದರು, ಅಷ್ಟೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವರು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರಾಗಿದ್ದವರು. ಹಳೇ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರನ ಎಡಕ್ಕೇ ಇರುತ್ತಿತ್ತು. ವರ್ಷಗಟ್ಟಲೆ ಅದರ ಪಕ್ಕ ಕೂತು ಅವರ ಎಡಗಿವಿ ಮಂದವಾಗಿತ್ತು. ಮಂದವಾಗಿದ್ದು ಕಿವಿ ಮಾತ್ರ, ಗಂಟಲಲ್ಲ. ಮನೆಯೊಳಗೆ ಕೂತು ಉಪ್ಪು ಕೇಳಿದರೆ ಮೈಲಿಗಟ್ಟಲೆ ಆಚೆಯ ಪುರವರದಿಂದ ಯಾರಾದರೂ ತಂದುಕೊಡಬೇಕು ಎನ್ನುವ ಹಾಗೆ ಕೇಳುತ್ತಿದ್ದರು. ನಡುಗೋಡೆಯನ್ನು ಹಿಂದಿನವರು ದಪ್ಪಗೆ ಕಟ್ಟಿದ್ದರು. ಅದನ್ನೂ ನಾನು ದೇವರ ದಯೆಗಳಲ್ಲಿ ಸೇರಿಸಿಕೊಂಡಿದ್ದೆ.

ಅವರಿಗೆ ಹಾಡಿನ ಹುಚ್ಚು. ಅವರ ಬಸ್ಸಿನ ಟೇಪಿನ ಸೆಟ್ಟು ಆ ದಾರಿಯಲ್ಲೇ ಹೆಸರಾಗಿತ್ತಂತೆ, ಅದನ್ನು ಕೇಳಲಿಕ್ಕೇ ಹಿಂದಿನ ಬಸ್ಸು ಬಿಟ್ಟು ಕಾಯುವವರಿದ್ದರಂತೆ. ಇದನ್ನು ಹೇಳಿದವರು ಅವರೇ. ಅಕ್ಕನನ್ನು ಕೇಳಿದರೆ, "ಹಿಂದಿನ್ ಬಸ್ಸು ತುಂಬಿರ್ತಿತ್ತು ಕಣೆ, ಅದ್ಕೆ ಕಾಯೋರು" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಅಕ್ಕನ ಒಂದು ವಿಷಯ ಇಲ್ಲಿ ಹೇಳಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಈಗಿನವರು ಹೇಳುತ್ತಾರೆ, ಅವರಿಗೇನೂ ಆಗಿಲ್ಲ, ಆದರೆ ನಮ್ಮ ನಾಲಿಗೆ ತಿರುಗುವುದಿಲ್ಲ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಹೇಗೋ ನಡೆಯುತ್ತದೆ. ಕಷ್ಟ ಬರುವುದು ಗುಡಿಯಲ್ಲಿ. ಅರ್ಚನೆಗೆ ಪೂಜಾರಪ್ಪ ಯಜಮಾನರ ಹೆಸರು ಕೇಳಿಯೇ ಕೇಳುತ್ತಾರೆ. ಅದಕ್ಕೆ ನಾನೂ ಅಕ್ಕನೂ ಒಂದು ಏರ್ಪಾಡು ಮಾಡಿಕೊಂಡಿದ್ದೆವು. ನನ್ನ ಗಂಡನ ಹೆಸರನ್ನು ಅವಳು ಹೇಳುವುದು, ಅವಳ ಗಂಡನ ಹೆಸರನ್ನು ನಾನು ಹೇಳುವುದು. ನನ್ನ ಯಜಮಾನರಿಗೆ ಕೊರಟಗೆರೆಯಲ್ಲಿ ಪಾತ್ರೆ ಅಂಗಡಿ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೇ ಮನೆ, ಗುಡಿಗೆ ಅವರನ್ನು ಕಾಯುವ ಹಾಗಿರಲಿಲ್ಲ.

ಒಮ್ಮೆ ನಮ್ಮ ಬೀದಿಯ ಈಶ್ವರನ ಗುಡಿಗೆ ಹೊಸ ಪೂಜಾರಪ್ಪ ಬಂದರು. ಅವರಿಗೆ ಈ ಏರ್ಪಾಡು ಗೊತ್ತಿಲ್ಲ. ಯಾರು ಯಾವ ಹೆಸರು ಹೇಳಿದರೋ ಅದೇ ಅವರ ಗಂಡ ಎಂದುಕೊಂಡು ಶ್ರಾವಣವೆಲ್ಲ ನನ್ನನ್ನು ಭಾವನವರ ಜೊತೆಗೂ ಅಕ್ಕನನ್ನು ನಮ್ಮ ಯಜಮಾನರ ಜೊತೆಗೂ ಸೇರಿಸಿ ದೀರ್ಘಸುಮಂಗಲಿಯಾಗಿರಿ ಎಂದು ಹರಸಿದರು. ಗೊತ್ತಾದಾಗ ನನಗೆ ಜೀವವೇ ಹೋದ ಹಾಗಾಯಿತು. ಅಕ್ಕ ಮಾತ್ರ, "ಬುಡೇ, ಆಶೀರ್ವಾದ ಒಂದ್ ಗೋಡೆ ದಾಟಿ ಬರ್ಬೇಕು, ಅಷ್ಟೇಯ" ಎಂದಳು.

ಅಂಥ ಅಕ್ಕ ಒಂದು ಮಳೆಗಾಲದಲ್ಲಿ ಜ್ವರ ಬಂದು ಮಲಗಿದವಳು ಏಳಲಿಲ್ಲ.

ಅವಳು ಹೋಗಿ ಸೂತಕ ಕಳೆದ ಮೇಲಿನ ಮೊದಲ ಸೋಮವಾರ ನಾನು ಗುಡಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಪೂಜಾರಪ್ಪ ಹೆಸರು ಕೇಳಿದರು. ಪಕ್ಕ ಖಾಲಿ. ಅಷ್ಟರಲ್ಲಿ ಗಂಡಸರ ಕಡೆಯ ಕಂಬದ ಹತ್ತಿರದಿಂದ, ಪಾವಗಡ ಪಾವಗಡ ಎಂದು ಜನರನ್ನು ಬಸ್ಸಿಗೆ ಕರೆಯುವ ಗಂಟಲಿನಲ್ಲಿ, ಭಾವನವರು ನನ್ನ ಯಜಮಾನರ ಹೆಸರು, ಗೋತ್ರ, ನಕ್ಷತ್ರ ಎಲ್ಲ ಕೂಗಿ, "ಕೊರಟಗೆರೇಲಿ ಪಾತ್ರೆ ಅಂಗಡಿ" ಎಂಬುದನ್ನೂ ಸೇರಿಸಿದರು. ಅಂಗಡಿಯ ವಿಷಯ ದೇವರಿಗೆ ಬೇಕಾಗಿರಲಿಲ್ಲ. ಆದರೂ ನನ್ನ ಕಣ್ಣು ತುಂಬಿತು. ಅಕ್ಕನ ಕೆಲಸವನ್ನು ಅವರು ಹೇಳದೆ ಕೇಳದೆ ವಹಿಸಿಕೊಂಡಿದ್ದರು. ನಾನೂ ಹಳೆಯ ರೂಢಿಯಂತೆ ಅವರ ಹೆಸರು ಹೇಳಿದೆ. ಅಂದಿನಿಂದ ಪ್ರತಿ ಸೋಮವಾರ ಹಾಗೇ ನಡೆಯಿತು.

ಖಾಲಿ ಮನೆಯಲ್ಲಿ ಅವರಿಗೆ ಸದ್ದು ಬೇಕಾಗಿತ್ತು ಅನ್ನಿಸುತ್ತದೆ. ಬೀರುವಿನಷ್ಟು ಎತ್ತರದ ಎರಡು ಸ್ಪೀಕರು ತಂದು ನಿಲ್ಲಿಸಿದರು. ಬೆಳಗಿನ ಭಕ್ತಿಗೀತೆಗೆ ನಮ್ಮ ಗೂಡಿನಲ್ಲಿದ್ದ ಲೋಟಗಳು ತಾಳ ಹಾಕುತ್ತಿದ್ದವು. ನಾನು ದೇವರ ಹಾಡಲ್ಲವೇ ಎಂದು ಸುಮ್ಮನಿದ್ದೆ, ಬೀದಿ ಸುಮ್ಮನಿರಲಿಲ್ಲ. ಕೊನೆಗೆ ತುಮಕೂರಿನಲ್ಲಿದ್ದ ಅವರ ಮಗಳು ಬಂದು ಸ್ಪೀಕರುಗಳಿಗೆ ಬೆಡ್‌ಶೀಟು ಹೊದಿಸಿ, ಅಪ್ಪನ ಕೈಗೆ ದೊಡ್ಡದೊಂದು ಹೆಡ್‌ಫೋನು ಕೊಟ್ಟು ಹೋದಳು.

ಅದನ್ನು ಫೋನಿಗೆ ಸಿಕ್ಕಿಸಿ ಕೇಳಿ ಭಾವನವರು ಮುಖ ಹುಳ್ಳಗೆ ಮಾಡಿದರು. "ಹಾಡೇನೋ ಐತಮ್ಮ, ಪಿಕಪ್ಪಿಲ್ಲ. ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ಬುಟ್ಟಂಗೈತೆ" ಎಂದರು. ಮರುದಿನವೇ ಸಿರಾಕ್ಕೆ ಹೋದರು. ಅಲ್ಲಿ ಅವರಿಗೆ ಹಳೇ ಪರಿಚಯದ ಒಬ್ಬ ಕ್ಯಾಸೆಟ್ ಅಂಗಡಿಯ ಸಾಹೇಬರಿದ್ದರು. ಸಾಹೇಬರು, "ಭಾಯ್, ಇಷ್ಟು ದೊಡ್ಡ ಹೆಡ್‌ಫೋನಿಗೆ ಫೋನಿನ ತಾಕತ್ತು ಸಾಲಲ್ಲ" ಎಂದು ಈ ಡಬ್ಬಿ ಕೊಟ್ಟರಂತೆ. ಒಂದು ಸಾಧಾರಣ ಮಿಕ್ಸಿಗಿಂತ ಅಗ್ಗ. ಬಡವರ ಕಿವಿಗೂ ದೇವರು ಒಂದು ದಾರಿ ಇಟ್ಟಿರುತ್ತಾನೆ.

ಡಬ್ಬಿ ಬಂದ ದಿನ ಗೋಡೆಯಾಚೆಯಿಂದ ಕರೆ ಬಂತು. "ಏಮ್ಮಾ, ಕೈ ತೊಳ್ಕಂಡು ಬಾರಮ್ಮ ಇಲ್ಲಿ." ಒಗ್ಗರಣೆ ಬಿಟ್ಟು ಓಡಿದೆ, ಏನಾಯಿತೋ ಎಂದು. ಅವರು ದೇವರ ಮುಂದೆ ಕೂರಿಸುವ ಹಾಗೆ ನನ್ನನ್ನು ಮಣೆಯ ಮೇಲೆ ಕೂರಿಸಿ ಕಿವಿಗೆ ಹೆಡ್‌ಫೋನು ತೊಡಿಸಿದರು. ಮುಡಿದಿದ್ದ ಹೂವು ನಜ್ಜುಗುಜ್ಜಾಯಿತು. ಹಾಡು ಶುರುವಾಯಿತು. ನಾನು ಹಿಂದಕ್ಕೆ ತಿರುಗಿ ನೋಡಿದೆ, ಯಾರೋ ಬೆನ್ನ ಹಿಂದೆ ತಾಳ ಹಾಕುತ್ತಿದ್ದರು. ಯಾರೂ ಇರಲಿಲ್ಲ. ಭಾವನವರು ತೊಡೆ ತಟ್ಟಿಕೊಂಡು ನಕ್ಕರು.

"ಈಗ ಹೇಳು, ಹೆಂಗೈತೆ?"

ನನಗೆ ತಿಳಿದಂತೆ ಹೇಳಿದೆ. ಫೋನಿನಲ್ಲಿ ಕೇಳಿದರೆ ತಿಳಿಸಾರು, ಎಲ್ಲ ಒಂದೇ ನೀರು. ಇದರಲ್ಲಿ ಕೇಳಿದರೆ ತರಕಾರಿ ಹುಳಿ. ಕ್ಯಾರೆಟ್ಟು ಬೇರೆ, ಹುರುಳಿಕಾಯಿ ಬೇರೆ ನಾಲಿಗೆಗೆ ಸಿಗುತ್ತದೆ. ತಂಬೂರಿ ತಳದಲ್ಲಿ ಬೇಳೆಯ ಹಾಗೆ ಕೂತಿದೆ. ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿದರೆ ಮಾತ್ರ ಎಣ್ಣೆ ಕಾದ ಹಾಗೆ ಚುಯ್ ಅನ್ನುತ್ತದೆ.

ಅವರಿಗೆ ಅಡುಗೆಯ ಲೆಕ್ಕ ಹಿಡಿಸಲಿಲ್ಲ. ಅವರದು ಬಸ್ಸಿನ ಲೆಕ್ಕ. ಕಣ್ಣು ಮುಚ್ಚಿಕೊಂಡು ಕೈಯಲ್ಲಿ ಜಾಗ ತೋರಿಸುತ್ತಿದ್ದರು. "ಮೃದಂಗ ನನ್ ಸೀಟಿನ್ ಹಿಂದ್ಗಡೆ. ಹಾರ್ಮೋನಿಯಂ ಬಲಗಡೆ ಕಿಟಕಿ ಪಕ್ಕ. ತಾಳ ಫುಟ್‌ಬೋರ್ಡ್ ಮ್ಯಾಲೆ ನೇತಾಡ್ತಾ ಅವ್ನೆ. ಹಾಡೋನು ಮಾತ್ರ ನಡುಮಧ್ಯ ನಿಂತವ್ನೆ, ಕಂಡಕ್ಟರ್ ಇದ್ದಂಗೆ." ಡಬ್ಬಿಯ ಮುಂದೆ ಶಕ್ತಿ ಹೆಚ್ಚು ಕಡಿಮೆ ಮಾಡುವ ಒಂದು ಸಣ್ಣ ಸ್ವಿಚ್ಚಿತ್ತು. ಅದಕ್ಕೆ ಅವರು ಇಟ್ಟ ಹೆಸರು ಬಯಲು ಗೇರು, ಘಾಟಿ ಗೇರು. ಮಂದ ಕಿವಿಗೆ ಘಾಟಿ ಗೇರೇ ಬೇಕು. "ಚಾಲಾ ಬಾಗುಂದಿ", ತುಂಬಾ ಚೆನ್ನಾಗಿದೆ, ಎಂದು ಪಾವಗಡದ ತೆಲುಗಿನಲ್ಲಿ ಒಂದು ಮಾತು ಹಾಕಿ ಸಾಹೇಬರನ್ನು ಹರಸಿದರು.

ಬೀದಿಗೆ ಶಾಂತಿ ಸಿಕ್ಕಿತು ಎಂದುಕೊಂಡೆವು. ಸಿಗಲಿಲ್ಲ. ಹೆಡ್‌ಫೋನು ಹಾಕಿಕೊಂಡು ಅವರು ಜೊತೆಗೆ ಹಾಡಲು ಶುರುಮಾಡಿದರು. ಮೊದಲು ಹಾಡಾದರೂ ಕೇಳಿಸುತ್ತಿತ್ತು, ಈಗ ಅವರೊಬ್ಬರೇ. ಅದರ ಮೇಲೆ ಇನ್ನೊಂದು. ಎರಡೂ ಮನೆಗೆ ಒಂದೇ ಕಂಬದ ಕರೆಂಟು. ನಾನು ಮಿಕ್ಸಿ ಹಾಕಿದರೆ ಅವರ ಹೆಡ್‌ಫೋನಿನಲ್ಲಿ ಗುಂಯ್ ಅನ್ನುತ್ತಿತ್ತು. "ಮಿಕ್ಸಿ ನಿಲ್ಸಮ್ಮೋ, ಆಲಾಪನೆ ನಡೀತೈತೆ" ಎಂದು ಕೂಗು ಬರುತ್ತಿತ್ತು. ನಾನು ನಿಲ್ಲಿಸುತ್ತಿದ್ದೆ. ಹಾಡು ಮುಗಿದ ಮೇಲೆ, "ಈಗ ರುಬ್ಕೊ, ರೈಟ್ ರೈಟ್." ನಮ್ಮ ಯಜಮಾನರು ಎಷ್ಟೋ ದಿನ ಚಟ್ನಿಯಿಲ್ಲದ ಇಡ್ಲಿ ತಿಂದು ಕೊರಟಗೆರೆ ಬಸ್ಸು ಹತ್ತಿದರು.

ಹೀಗೆ ನಗುನಗುತ್ತಾ ಇದ್ದವರು ಒಂದು ದಿನ ಬಂದು ಮೆಲ್ಲಗೆ ಮಾತಾಡಿದರು. ಅವರು ಮೆಲ್ಲಗೆ ಮಾತಾಡಿದರೆ ಹೆದರಿಕೆಯಾಗುತ್ತಿತ್ತು.

ಹಿಂದೊಮ್ಮೆ ನಮ್ಮ ಬೀದಿಯ ಹೆಂಗಸರ ಭಜನೆ ಗುಂಪು ಸಿದ್ದರಬೆಟ್ಟಕ್ಕೆ ಹೋಗಿತ್ತು. ಭಾವನವರೇ ವ್ಯಾನು ಓಡಿಸಿದ್ದರು. ಗವಿಯೊಳಗೆ ದೇವರ ಮುಂದೆ ಹಾಡುವಾಗ ತಮ್ಮ ಎರಡು ಮೈಕಿನ ಟೇಪ್‌ರೆಕಾರ್ಡರನ್ನು ಚಾಲೂ ಮಾಡಿ ಇಟ್ಟು, ತಾವು ಕೋತಿಗಳಿಂದ ನಮ್ಮ ಚಪ್ಪಲಿ, ಪುಳಿಯೋಗರೆ ಕಾಯಲು ಕೋಲು ಹಿಡಿದು ಹೊರಗೆ ನಿಂತಿದ್ದರು. ಆ ಕ್ಯಾಸೆಟ್ಟು ಈಗ ಟ್ರಂಕಿನಲ್ಲಿ ಸಿಕ್ಕಿತ್ತು. ಸಾಹೇಬರು ಅದನ್ನು ಫೋನಿಗೆ ಇಳಿಸಿಕೊಟ್ಟಿದ್ದರು.

"ಊರೋರ್ ಹಾಡೆಲ್ಲ ಜೋಡಿಸಿಟ್ಕಂಡೆ ಕಣಮ್ಮ" ಎಂದರು. "ಅವಳ ದನಿ ಒಂದೂ ಇಟ್ಕಳ್ಳಿಲ್ಲ. ಈಗೀಗ ಅವಳು ಹೆಂಗ್ ಮಾತಾಡೋಳು ಅಂತ ನೆನೆಸ್ಕಂಡ್ರೆ ಬಾಯಿ ಕಾಣ್ತದೆ, ಸದ್ದು ಬರಾಕಿಲ್ಲ. ಇದ್ರಾಗೆ ಇರ್ಲೇಬೇಕು. ಅವಳ ಸೀಟು ಯಾವ್ದು ಅಂತ ಹುಡುಕ್ಬೇಕು."

ದಿನಾ ಹುಡುಕಿದರು. ಒಬ್ಬೊಬ್ಬರ ದನಿಯನ್ನೂ ಅದರ ಸೀಟಿನಲ್ಲಿ ಗುರುತು ಹಿಡಿದರು. ಶಾಲೆಯ ಹಿಂದಿನ ಮನೆಯವರದು ಎಡಗಡೆ ಎರಡನೇ ಸಾಲು. ಹೂವಿನವಳದು ಹಿಂದಿನ ಉದ್ದ ಸೀಟು. ನನ್ನದನ್ನೂ ಕೇಳಿಸಿದರು. ನಾನು ಇಷ್ಟು ವರ್ಷ ಭಜನೆಯಲ್ಲಿ ನನ್ನ ದನಿಯೇ ಇಂಪು ಎಂದು ಮನಸ್ಸಿನೊಳಗೇ ನಂಬಿದ್ದವಳು. ಆ ಡಬ್ಬಿ ದಾಕ್ಷಿಣ್ಯ ನೋಡಲಿಲ್ಲ. ಎಲ್ಲರಿಗಿಂತ ಮುಂಚೆ ಪಲ್ಲವಿಗೆ ಬಂದು, ಎಲ್ಲರಿಗಿಂತ ಮುಂಚೆ ಮುಗಿಸಿ, ನಡುವೆ ಎಲ್ಲೋ ಬೇರೆ ಶ್ರುತಿಯ ಮೇಲೆ ನಡೆದು ಹೋಗುತ್ತಿದ್ದೇನೆ.

"ನೀನು ಬಸ್ಸು ನಿಲ್ಲೋಕ್ ಮುಂಚೇನೇ ಇಳ್ದುಬುಡ್ತೀಯ" ಎಂದರು ಭಾವನವರು. ಆಮೇಲೆ ಕೇಳಿದರು, "ಅವಳು ನಿನ್ ಪಕ್ದಾಗೇ ಕೂರೋಳಲ್ಲ. ನಿನ್ ಪಕ್ಕದ್ ಸೀಟು ಖಾಲಿ ಕೇಳ್ತೈತಲ್ಲಮ್ಮ?"

ನಾನು, "ಅಕ್ಕನ ದನಿ ಮೆತ್ತಗಿತ್ತು" ಎಂದು ಎದ್ದು ಬಂದೆ.

ಅಕ್ಕ ಹಾಡುತ್ತಲೇ ಇರಲಿಲ್ಲ. ನನಗೆ ಮಾತ್ರ ಗೊತ್ತಿತ್ತು. ಕಣ್ಣು ಮುಚ್ಚಿ, ತಲೆ ತೂಗಿ, ತುಟಿ ಮಾತ್ರ ಆಡಿಸುತ್ತಿದ್ದಳು. ಮೊದಲ ಸಲ ಕಂಡು ಕೇಳಿದಾಗ, "ನಂಗೆ ರಾಗ ಬರಾಕಿಲ್ಲ ಕಣೆ. ದೇವ್ರಿಗೆ ತುಟಿ ಕಂಡ್ರೆ ಸಾಕು, ಸದ್ದು ನಿಂದು ತಕಂಡ್ರಾಯ್ತು" ಎಂದಿದ್ದಳು. ಮನೆಯಲ್ಲಿ ಹಾಡಿನ ಹುಚ್ಚಿನ ಗಂಡನಿಗೆ ಹೆಂಡತಿಯೂ ಭಜನೆಯಲ್ಲಿ ಹಾಡುತ್ತಾಳೆ ಎಂಬುದೊಂದು ಹೆಮ್ಮೆಯಿರಲಿ ಎಂದು ಬಿಟ್ಟಿದ್ದಳೋ ಏನೋ...

ಎಷ್ಟು ದಿನ ಸುಮ್ಮನಿರುವುದು. ಗೋಡೆಯಾಚೆ ಅದೇ ಭಜನೆ, ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ. ಜೊತೆಗೆ ಹಾಡುವುದನ್ನೂ ಬಿಟ್ಟಿದ್ದರು. ಊಟದ ತಟ್ಟೆ ಕಳಿಸಿದರೆ ಅರ್ಧ ವಾಪಸು ಬರುತ್ತಿತ್ತು. ಈಶ್ವರನಿಗೆ ಒಂದು ದೀಪ ಹಚ್ಚಿಟ್ಟು ಹೋಗಿ ಹೇಳಿಬಿಟ್ಟೆ. "ಭಾವ, ಅಕ್ಕ ಹಾಡ್ತಿರ್ಲಿಲ್ಲ. ತುಟಿ ಆಡಿಸ್ತಿದ್ಲು."

ಅವರು ಹೆಡ್‌ಫೋನು ತೆಗೆದರು. "ಸುಳ್ಳು" ಎಂದರು. ಆಮೇಲೆ, "ನಿನ್ ದನಿ ಕೆಟ್ದಾಗೈತೆ ಅಂದಿದ್ಕೆ ಹಿಂಗ್ ಹೇಳ್ತಿದೀಯ" ಎಂದರು. ನಾನು ಮನೆಗೆ ಬಂದೆ.

ಅವರು ಮಾತು ಬಿಟ್ಟರು. ನಾನು ಮಿಕ್ಸಿ ಹಾಕಿದರೂ ಕೂಗಲಿಲ್ಲ. ಬೇಕೆಂದೇ ಎರಡೆರಡು ಸಲ ಹಾಕಿದೆ. ಬೇಡದ ಚಟ್ನಿ ರುಬ್ಬಿದೆ. ಗೋಡೆ ಮಿಸುಕಲಿಲ್ಲ. ನಮ್ಮ ಯಜಮಾನರು ಹೊಟ್ಟೆ ತುಂಬ ಚಟ್ನಿ ತಿಂದು, "ಪಾಪ, ಅವ್ರು ಬೈದಿದ್ರೇ ಚೆನ್ನಾಗಿತ್ತು" ಎಂದರು. ಭಾವನವರು ಸೋಮವಾರ ಮಾತ್ರ ಗುಡಿಗೆ ಬಂದು, ನನ್ನ ಮುಖ ನೋಡದೆ, ಕಂಬಕ್ಕೆ ಹೇಳುವ ಹಾಗೆ ಯಜಮಾನರ ಹೆಸರು ಹೇಳಿ ಹೋದರು. ಪಾತ್ರೆ ಅಂಗಡಿಯನ್ನು ಬಿಟ್ಟುಬಿಟ್ಟಿದ್ದರು. ಅದೇ ನನಗೆ ಹೆಚ್ಚು ನೋವಾಯಿತು.

ಮತ್ತೆ ಒಂದು ಬೆಳಿಗ್ಗೆ ಕರೆ ಬಂತು. ಗೋಡೆಯಾಚೆಯಿಂದಲ್ಲ. ಅವರೇ ನಮ್ಮ ಬಾಗಿಲಿಗೆ ಬಂದು, "ಬಾರಮ್ಮ" ಎಂದರು, ಅಷ್ಟೆ.

ಆ ಭಜನೆ ಮುಗಿದ ಮೇಲೆ ಮಂಗಳಾರತಿಯ ಗಂಟೆ ಬರುತ್ತದೆ. ಗವಿಯೊಳಗಿನ ಗಂಟೆ, ಘಾಟಿ ಗೇರಿನಲ್ಲಿ ಕಿವಿಗೆ ಮೊಳೆ ಹೊಡೆದ ಹಾಗೆ. ಅದಕ್ಕೇ ಅವರು ಪ್ರತಿ ಸಲವೂ ಗಂಟೆ ಶುರುವಾಗುತ್ತಲೇ ನಿಲ್ಲಿಸಿಬಿಡುತ್ತಿದ್ದರು. ಹಾಡು ಮುಗಿದ ಮೇಲೆ ಕೇಳುವುದೇನಿದೆ ಎಂದು. ನನ್ನ ಮೇಲಿನ ಸಿಟ್ಟು ಇಳಿದ ಮೇಲೆ, ಹಾಡಿನಲ್ಲಿ ಇಲ್ಲ ಎಂದರೆ ಮಿಕ್ಕಿದ್ದರಲ್ಲಿ ಇರಬೇಕಲ್ಲ ಎಂದು, ಗಂಟೆಯನ್ನೂ ಸಹಿಸಿಕೊಂಡು ಮುಂದಕ್ಕೆ ಕೇಳಿದ್ದರು.

ನನ್ನ ಕಿವಿಗೆ ತೊಡಿಸಿದರು. ಗಂಟೆ. ಕರ್ಪೂರದ ತಟ್ಟೆಯ ಸದ್ದು. ಬೆಟ್ಟದ ಪೂಜಾರಿಯ ದನಿ: "ಯಾರ್ ಹೆಸರಿಗಮ್ಮ ಅರ್ಚನೆ?"

ಆಮೇಲೆ ಬಲಗಿವಿಯ ಹತ್ತಿರ, ಪಕ್ಕದಲ್ಲೇ ಕೂತು ಹೇಳಿದ ಹಾಗೆ, ಅಕ್ಕ. "ತಡೀರಿ ಸ್ವಾಮಿ, ನಮ್ ಹುಡುಗಿ ದೋಣೆ ನೀರು ತರಾಕ್ ಹೋಗವ್ಳೆ. ಅವಳು ಬಂದ್ ಹೇಳ್ತಾಳೆ."

"ಅಲ್ಲೀಗಂಟ ದೇವ್ರು ಕಾಯ್ಬೇಕಾ ತಾಯಿ?"

ಆ ಹುಡುಗಿ ನಾನು. ಅಂದು ಚೊಂಬು ಹಿಡಿದು ಬಂಡೆಯ ದೋಣೆಯಲ್ಲಿ ನಿಂತ ತೀರ್ಥಕ್ಕೆ ಸಾಲಿನಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತು ಬಳೆಗಳ ಸದ್ದು ಮಾತ್ರ. ಯಾರೋ ಮತ್ತೆ ಗಂಟೆ ಬಾರಿಸಿದರು. ಆ ಗಂಟೆಯ ಮರೆಯಲ್ಲಿ, ಬೇರೆ ಯಾವ ಯಂತ್ರದಲ್ಲೂ ಕೇಳಿಸದಷ್ಟು ಮೆತ್ತಗೆ, ಅವಳು ಗಂಡನ ಹೆಸರು ಹೇಳಿದಳು.

ಆ ಹೆಸರನ್ನು ನಾನು ಗುಡಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅದು ಹಾಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರದು.

"ನಕ್ಷತ್ರ?" ಎಂದ ಪೂಜಾರಿ.

"ನೆನಪಿಲ್ಲ ಸ್ವಾಮಿ. ಸಿಟ್ಟು ಮೂಗಿನ್ ತುದೀಲಿರೋರಿಗೆ ಯಾವ್ದು ಬರ್ತದೋ ಅದೇ ಹಾಕ್ಕಳಿ. ಹಂಗೇ ಎಡಗಿವಿ ಸರಿಯಾಗ್ ಕೇಳಾಕಿಲ್ಲ, ಅದನ್ನೂ ದೇವ್ರಿಗೊಂದ್ ಮಾತು ಹೇಳಿ."

ನಾನು ನಗುತ್ತಾ ಅಳುತ್ತಾ ಹೆಡ್‌ಫೋನು ತೆಗೆದೆ. ಭಾವನವರು ಡಬ್ಬಿಯ ಗುಂಡಿಯನ್ನು ಬೆರಳಲ್ಲಿ ಒರೆಸುತ್ತಾ ಕೂತಿದ್ದರು.

"ನನ್ ಹೆಸ್ರು ಚೆನ್ನಾಗೈತೆ ಕಣಮ್ಮ" ಎಂದರು. "ನಂಗ್ ಗೊತ್ತೇ ಇರ್ಲಿಲ್ಲ."

ಡಬ್ಬಿ ಆರಿಸಿ, "ಸಿಟ್ಟು ಅಂದ್ಲಲ್ಲ, ಬೆಟ್ಟದ್ ಮ್ಯಾಲೆ, ದೇವ್ರ್ ಮುಂದೆ" ಎಂದರು. ಅಂದು ತಟ್ಟೆ ಪೂರಾ ಖಾಲಿಯಾಗಿ ವಾಪಸು ಬಂತು. ಮರುದಿನ ಮಿಕ್ಸಿ ಹಾಕಿದೆ, ಕೂಗು ಬಂತು, ಗೂಡಿನ ಲೋಟ ಅಲುಗಾಡಿತು. ಆ ಸೋಮವಾರ ಪಾತ್ರೆ ಅಂಗಡಿಯೂ ದೇವರ ಕಿವಿಗೆ ಬಿತ್ತು.

ಆಮೇಲೆ ಅವರು ಹಾಡು ಕೇಳಿದ್ದು ಕಡಿಮೆ. ಬೆಳಿಗ್ಗೆ ಒಂದು ಸಲ ಆ ಗಂಟೆ, ಆ ಮಾತು, ಅಷ್ಟು ಕೇಳಿ ಡಬ್ಬಿ ಆರಿಸುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಮಿಕ್ಸಿಗೆ ಕೂಗು ಬರಲಿಲ್ಲ. ನಾನೇ ಹೋಗಿ ನೋಡಿದೆ. ಹೆಡ್‌ಫೋನು ಹಾಕಿಕೊಂಡೇ ಕುರ್ಚಿಗೆ ಒರಗಿದ್ದರು, ಡಬ್ಬಿ ಇನ್ನೂ ಬೆಚ್ಚಗಿತ್ತು... ಯಾರನ್ನೂ ನರಳಿಸದೆ, ತಾವೂ ನರಳದೆ ಹೋದರು. ದೇವರು ಕರೆಯುವಾಗಲೂ ಕೆಲವರನ್ನು ಕಿವಿ ನೋಡಿ ಕರೆಯುತ್ತಾನೆ. ಕ್ರಿಯೆಯೆಲ್ಲ ಮುಗಿಸಿ ಮನೆಗೆ ಬೀಗ ಹಾಕುವಾಗ ಮಗಳು, ಅಮ್ಮನ ದನಿ ತನ್ನ ಫೋನಿನಲ್ಲಿದೆ, ಇದು ನಿಮ್ಮ ಹತ್ತಿರ ಇರಲಿ ಎಂದು ಡಬ್ಬಿಯನ್ನು ನನಗೆ ಕೊಟ್ಟಳು.

ಅವರು ಹೋದ ಮೇಲೆ ನಾನು ಅರ್ಚನೆ ಮಾಡಿಸುವುದನ್ನೇ ಬಿಟ್ಟಿದ್ದೆ. ಗುಡಿಗೆ ಹೋಗಿ ಕೈಮುಗಿದು, ಪೂಜಾರಪ್ಪ ಹೆಸರು ಕೇಳುವ ಮುಂಚೆ ಬಂದುಬಿಡುತ್ತಿದ್ದೆ. ಮೊನ್ನೆ ಮೊಸರು ಗಟ್ಟಿಯಾಗಿ ಹೆಪ್ಪಾದದ್ದು ನೋಡಿ, ಅದರಲ್ಲೇ ಒಂದು ಬಟ್ಟಲು ಅಭಿಷೇಕಕ್ಕೆ ತೆಗೆದುಕೊಂಡು ಸೋಮವಾರ ಹೋದೆ. "ಯಜಮಾನ್ರ ಹೆಸ್ರು ಹೇಳಿ ತಾಯಿ" ಎಂದರು. ಅಭ್ಯಾಸಕ್ಕೆ ಗಂಡಸರ ಕಡೆ ತಿರುಗಿದೆ. ಅಲ್ಲಿ ಕಂಬವಿತ್ತು. ಯಾರೋ ಗಂಟೆ ಬಾರಿಸುವವರೆಗೆ ಕಾದು, ಅಕ್ಕನ ಹಾಗೆಯೇ, ಅದರ ಮರೆಯಲ್ಲಿ ಹೇಳಿದೆ.

ಪೂಜಾರಪ್ಪ ಕಿವಿಗೆ ಕೈ ಇಟ್ಟುಕೊಂಡರು. "ಕೇಳಿಸ್ಲಿಲ್ಲಮ್ಮ. ಇನ್ನೊಂದ್ಸಲ ಹೇಳಿ."

ಈ ಸಲ ಗಂಟೆ ಇರಲಿಲ್ಲ. ಗುಡಿಯ ತುಂಬ ಜನ. ನಾನು ಕಂಬದ ಕಡೆ ಮುಖ ಮಾಡಿ, ಯಜಮಾನರ ಹೆಸರು, ಗೋತ್ರ, ನಕ್ಷತ್ರ, ಕೊರಟಗೆರೆಯ ಪಾತ್ರೆ ಅಂಗಡಿ, ಎಲ್ಲವನ್ನೂ ಹೇಳಿದೆ. ಮಂದ ಕಿವಿಯವರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದೆ.